ಟ್ರಂಕಿನೊಳಗಿನ ಹೊಗೆ

ಕೇಳಿರಿ ಗೆಳೆಯರೇ, ಇಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ಯುದ್ಧವೇ ನಡೆಯಿತು! ತನ್ನ ತಮ್ಮನ ಮದುವೆ ನಿಶ್ಚಯಕ್ಕೆ ಉಡಲೆಂದು ನನ್ನಾಕೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು, ಮೂಸಿದಳು, ಗುಡುಗಿದಳು.

"ಸಿಗರೇಟು ನಾರೋ ನಿಮ್ಮ ಕೋಟು ಈ ಟ್ರಂಕಿನ್ಯಾಗ ಯಾಕ ಇಟ್ರಿ? ಹೊಸ ಬೀಗರು ನಾನೇ ಸೇದತೀನಿ ಅಂತ ತಿಳಕೊಂತಾರ!"

"ದೇವಿ, ಅಪರಾಧಿ ನಾನೇ!" ಎಂದು ಎದೆ ಮುಟ್ಟಿಕೊಂಡೆ.

"ನಾಟಕ ಸಾಕ್ರಿ. ಲೋಬಾನ ತರ್ರಿ."

ಕೆಂಡಕ್ಕೆ ಲೋಬಾನ ಹಾಕಿ, ಮೇಲೆ ಬಿದಿರ ಬುಟ್ಟಿ ಕವುಚಿ, ಸೀರೆ ಹರವಿದಳು. ಬೀಸಣಿಗೆ ಬೀಸುವ ಶಿಕ್ಷೆ ನನಗೆ! ಸೀರೆ ಗುಡಿಯಂತೆ ಘಮಘಮಿಸಿತು. ಅಷ್ಟರಲ್ಲಿ ಅವಳ ಸೋದರಮಾವ ಎತ್ತಿನ ಗಾಡಿ ತಂದರು, ಬಾಯಲ್ಲಿ ಉರಿಯುವ ಬೀಡಿ!

"ಮಾಮಾ, ಕೆಳಗ ಇಳೀರಿ! ಇಬ್ರೂ ಗಾಡಿ ಹಿಂದ ನಡೀರಿ."

ಹಗ್ಗ ಅವಳೇ ಹಿಡಿದಳು; ಬೀಗರ ಊರು ಕುಕನೂರಿನವರೆಗೆ ಸೀರೆ ಗಾಡಿಯಲ್ಲಿ ಹೋಯಿತು. ನಾವಿಬ್ಬರೂ ಧೂಳಿನಲ್ಲಿ, ಒಂದೇ ಕಡ್ಡಿಯಲ್ಲಿ ಬೀಡಿ, ಸಿಗರೇಟು ಹಚ್ಚಿಕೊಂಡು ನಡೆದೆವು.

ಬೀಗಿತ್ತಿ ನನ್ನಾಕೆಯನ್ನು ತಬ್ಬಿಕೊಂಡು, "ಎಷ್ಟು ಛಲೋ ವಾಸನಿ ಐತಿ ನಿನ್ನ ಸೀರಿ!" ಎಂದರು. ಆಮೇಲೆ ನಮ್ಮತ್ತ ನೋಡಿ ಮೂಗು ಮುಚ್ಚಿದರು. "ಆ ಇಬ್ರೂ ಯಾರವಾ?"

"ಯಾರೋ ಏನೋ, ಹಾದ್ಯಾಗ ಕೂಡಿದ್ರು" ಎಂದಳು ನನ್ನ ಧರ್ಮಪತ್ನಿ!

ನನಗೇನೂ ಬೇಸರವಿಲ್ಲ. ಹೆಂಡತಿಗೇ ಪರಿಚಯವಿಲ್ಲದವನಿಗೆ ಬೀಗರ ಹಿತ್ತಲಲ್ಲಿ ಸೇದಲು ಯಾರ ಅಪ್ಪಣೆ ಬೇಕು?