ಸ್ಟೆಪ್ನಿ ಇಲ್ಲದ ಕಣ್ಣು

ಯಶವಂತನಗರದ ಯಾಕೋಬಪ್ಪನವರ ಮನೆಯ ಬಾಗಿಲಿಗೆ ಎರಡು ಬೀಗ. ಅಡುಗೆಮನೆಯಲ್ಲಿ ಎರಡು ಗ್ಯಾಸ್ ಲೈಟರ್, ಅವೆರಡೂ ಕೈಕೊಟ್ಟರೆ ಇರಲಿ ಎಂದು ಒಂದು ಬೆಂಕಿಪೊಟ್ಟಣ, ಆ ಬೆಂಕಿಪೊಟ್ಟಣ ತೇವವಾದರೆ ಇರಲಿ ಎಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಮತ್ತೊಂದು. ಭಾನುವಾರ ಚರ್ಚಿಗೆ ಹೊರಟಾಗ ಅವರ ಕೈಚೀಲದಲ್ಲಿ ಎರಡು ಹಾಡಿನ ಪುಸ್ತಕ, ಎರಡು ಟಾರ್ಚು ಇರುತ್ತವೆ. ಆರಾಧನೆ ಶುರುವಾಗುವುದು ಬೆಳಗ್ಗೆ ಒಂಬತ್ತಕ್ಕೆ.

ಅರವತ್ತೇಳು ವರ್ಷದ ಈ ಮನುಷ್ಯನಿಗೆ ಊರಿನವರು ಇಟ್ಟ ಹೆಸರು ಸ್ಟೆಪ್ನಿ ಯಾಕೋಬಪ್ಪ. ಲಾರಿಯವರು ಹೆಚ್ಚುವರಿ ಚಕ್ರವನ್ನು ಸ್ಟೆಪ್ನಿ ಎನ್ನುತ್ತಾರೆ. ಯಾಕೋಬಪ್ಪ ಹದಿನಾಲ್ಕು ವರ್ಷ ಗಣಿಯಿಂದ ಹೊಸಪೇಟೆಯ ರೈಲ್ವೆ ಸೈಡಿಂಗಿಗೆ ಅದಿರು ಸಾಗಿಸಿದವರು. ಬೇರೆ ಡ್ರೈವರುಗಳು ಒಂದು ಸ್ಟೆಪ್ನಿ ಇಟ್ಟುಕೊಂಡರೆ ಅವರ ಲಾರಿಯಲ್ಲಿ ಎರಡು ಇರುತ್ತಿದ್ದವು. ಅಷ್ಟೂ ವರ್ಷದಲ್ಲಿ ಅವರ ಲಾರಿ ನಡುದಾರಿಯಲ್ಲಿ ನಿಂತದ್ದು ಒಂದೇ ಸಲ, ಅದೂ ಚಕ್ರದ ದೆಸೆಯಿಂದಲ್ಲ. ಮುಂದಿನ ಲಾರಿಯಿಂದ ಸಿಡಿದ ಅದಿರಿನ ಕಲ್ಲು ಗಾಜು ಒಡೆದು ಅವರ ಎಡಗಣ್ಣನ್ನು ಕಿತ್ತುಕೊಂಡಿತು.

ಆಮೇಲೆ ಕಂಪನಿ ಅವರನ್ನು ಗ್ಯಾರೇಜಿನ ಸ್ಟೋರಿಗೆ ಹಾಕಿತು. ನಿವೃತ್ತಿಯವರೆಗೂ ಅವರು ಅಲ್ಲಿ ಬಿಡಿಭಾಗ ಕೊಡುತ್ತ ಕುಳಿತರು. ಏನು ಕೇಳಿದರೂ ಕಪಾಟಿನಲ್ಲಿ ಇತ್ತು. ತಮ್ಮ ಕಣ್ಣಿನ ಬಿಡಿಭಾಗವೊಂದು ಮಾತ್ರ ಯಾವ ಪಟ್ಟಿಯಲ್ಲೂ ಸಿಗಲಿಲ್ಲ.

ಡ್ರೈವಿಂಗ್ ಬಿಟ್ಟರೂ ಡ್ರೈವರನ ಕಾಲು ಬಿಡಲಿಲ್ಲ. ಯಾಕೋಬಪ್ಪ ಬಸ್ಸಿನಲ್ಲಿ ಕುಳಿತರೆ ಪ್ರತಿ ತಿರುವಿನಲ್ಲೂ ಅವರ ಬಲಗಾಲು ಬ್ರೇಕು ಹುಡುಕುತ್ತ ನೆಲವನ್ನು ಒತ್ತುತ್ತದೆ. ಆಟೋದಲ್ಲೂ ಅಷ್ಟೇ. ಸಂಡೂರಿನ ಮದುವೆಯೊಂದಕ್ಕೆ ಅಳಿಯನ ಬೈಕಿನ ಹಿಂದೆ ಕುಳಿತು ಹೋಗುವಾಗ ಒತ್ತಿದ ರಭಸಕ್ಕೆ ಚಪ್ಪಲಿ ಕಳೆದುಕೊಂಡರು. ಬೇರೆ ಜೊತೆ ಚೀಲದಲ್ಲಿತ್ತು.

ಇಂಥವರು ಚರ್ಚಿನಲ್ಲಿ ಪ್ರತಿ ತಿಂಗಳ ಮೂರನೇ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳುತ್ತಾರೆ. ತಮ್ಮ ಬಾಳಿನಲ್ಲಿ ದೇವರು ಮಾಡಿದ್ದನ್ನು ಸಭೆಯ ಮುಂದೆ ಹೇಳುವ ರೂಢಿ ಅದು. ಯಾಕೋಬಪ್ಪನವರ ಸಾಕ್ಷಿಗೆ ಕಡಿಮೆಯೆಂದರೂ ಇಪ್ಪತ್ತು ನಿಮಿಷ ಬೇಕು. ಈ ಲೋಕದಲ್ಲಿ ಯಾವುದನ್ನೂ ನಂಬಿಲ್ಲ, ನನಗೆ ಕರ್ತನೊಬ್ಬನೇ ಆಧಾರ ಎಂದು ಅದು ಮುಗಿಯುತ್ತದೆ. ಆ ಹೊತ್ತಿಗೆ ಹೆಂಗಸರ ಸಾಲಿನಲ್ಲಿ ಅವರ ಹೆಂಡತಿ ಮಾರ್ಥಮ್ಮ ಸೆರಗನ್ನು ಬಾಯಿಗೆ ಹಿಡಿಯುತ್ತಾರೆ.

"ಕರ್ತನೊಬ್ಬನೇ ಅಂತಾರ," ಎಂದು ಅವರು ಪಕ್ಕದವರಿಗೆ ಹೇಳುವುದುಂಟು. "ಮನ್ಯಾಗ ನಾನೊಬ್ಬಾಕಿ ಬಿಟ್ರ ಎಲ್ಲಾ ಎರಡೆರಡು ಅದಾವ."

ಮೂರು ವರ್ಷದ ಹಿಂದೆ ಉಳಿದ ಬಲಗಣ್ಣಿಗೆ ಪೊರೆ ಬಂತು. ಮೊದಲು ಚರ್ಚಿನ ಹಲಗೆಯ ಮೇಲಿನ ಹಾಡಿನ ನಂಬರು ಮಸುಕಾಯಿತು. ಆಮೇಲೆ ಹಲಗೆಯೇ ಮಸುಕಾಯಿತು. ಒಂದು ದಿನ ಬಸ್ ಸ್ಟಾಪಿನಲ್ಲಿ ನಿಂತಿದ್ದ ಮಾರ್ಥಮ್ಮನಿಗೆ ಯಾಕೋಬಪ್ಪ ಕೈಮುಗಿದು, "ನಮಸ್ಕಾರ್ರಿ ಅಮ್ಮಾರ, ಆರಾಮ್ರಿ?" ಎಂದರು.

"ಆರಾಮದೀನ್ರಿ," ಎಂದರು ಮಾರ್ಥಮ್ಮ. "ನಿಮ್ಮ ಮನಿಯಾಕಿ ಹೆಂಗದಾಳ?"

ಹೊಸಪೇಟೆಯ ಕಣ್ಣಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಅರ್ಧ ತಾಸಿನ ಆಪರೇಷನ್, ಭಯ ಬೇಡ ಎಂದರು. ಎಲ್ಲರಿಗೂ ಮೊದಲು ಒಂದು ಕಣ್ಣು, ಅದು ಸರಿಹೋದ ಮೇಲೆ ಇನ್ನೊಂದು ಎಂದು ಗೋಡೆಯ ಮೇಲೆ ಬರೆದಿತ್ತು. ಯಾಕೋಬಪ್ಪ ಅದನ್ನು ಹೆಂಡತಿಯಿಂದ ಎರಡು ಸಲ ಓದಿಸಿ ಕೇಳಿದರು. ಹಾಗೆಂದರೆ ಮಿಕ್ಕವರೆಲ್ಲ ಸ್ಟೆಪ್ನಿ ಇಟ್ಟುಕೊಂಡು ಮೇಜಿನ ಮೇಲೆ ಮಲಗುತ್ತಾರೆ. ತಮ್ಮದು ಮಾತ್ರ ಒಂಟಿ ಚಕ್ರ.

ಮಳೆಗಾಲ ಮುಗಿಯಲಿ ಎಂದರು. ಕ್ರಿಸ್‌ಮಸ್ ಆಗಲಿ ಎಂದರು. ಬೇಸಿಗೆಯಲ್ಲಿ ಗಾಯ ಮಾಯುವುದಿಲ್ಲ ಎಂದರು. ಹೀಗೆ ಎರಡು ವರ್ಷ ಕಳೆದಾಗ ಡಾಕ್ಟರು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು: ಪೊರೆ ಬಲಿಯುತ್ತಿದೆ, ಇನ್ನೂ ತಡಮಾಡಿದರೆ ಆಪರೇಷನ್ ಕಷ್ಟವಾಗುತ್ತದೆ, ಇರುವ ಬೆಳಕೂ ಉಳಿಯುವುದೆಂದು ಹೇಳಲಾಗದು.

ಯಾಕೋಬಪ್ಪ ಆಗಲೂ ಒಪ್ಪಲಿಲ್ಲ. ಬದಲಿಗೆ ಕುರುಡುತನಕ್ಕೇ ತಯಾರಿ ಶುರುಮಾಡಿದರು. ಮಂಚದಿಂದ ಬಚ್ಚಲಿಗೆ ಹಗ್ಗ ಕಟ್ಟಿದರು. ಆ ಹಗ್ಗ ಹರಿದರೆ ಇರಲಿ ಎಂದು ಅದರ ಕೆಳಗೆ ಇನ್ನೊಂದು ಕಟ್ಟಿದರು. ಎರಡರ ನಡುವೆ ಸಿಕ್ಕಿಕೊಂಡು ಮಾರ್ಥಮ್ಮ ತುಂಬಿದ ಕೊಡ ಚೆಲ್ಲಿದರು. ತಮ್ಮ ಚರ್ಚಿನ ಪ್ರಾರ್ಥನೆ ಸಾಲದೆಂದು ಹೊಸಪೇಟೆಗೆ ಹೋಗಿ ಕ್ಯಾಥೊಲಿಕ್ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಬಂದರು. ಶುಕ್ರವಾರದ ಉಪವಾಸ ಪ್ರಾರ್ಥನೆ ನಡೆಯುವ ತಗಡಿನ ಶೆಡ್ಡಿನಲ್ಲಿ ಹಣೆಗೆ ಎಣ್ಣೆ ಹಚ್ಚಿಸಿಕೊಂಡರು.

"ಮೂರು ಕಡೆ ಅರ್ಜಿ ಹಾಕ್ಯಾರ," ಎಂದರು ಮಾರ್ಥಮ್ಮ. "ಮೇಲ ಕುಂತಾವ ಒಬ್ಬನ ಅಂತ ಯಾರರ ಹೇಳ್ರಿ ಇವರಿಗೆ."

ಹೇಳುವ ಕೆಲಸ ಅವರ ಚರ್ಚಿನ ಸಭಾಪಾಲಕ ವಿಜಯಕುಮಾರರ ಪಾಲಿಗೆ ಬಂತು. ಮನೆಗೆ ಬಂದ ಅವರು ಹಗ್ಗಗಳ ನಡುವೆ ಬಗ್ಗಿ ಒಳಗೆ ಬಂದು ಕುಳಿತರು. ಯಾಕೋಬಪ್ಪ ನೇರವಾಗಿ ಕೇಳಿದರು.

"ಅಯ್ನೋರ, ನೀವು ಪ್ರಾರ್ಥನಾ ಮಾಡಿದ್ರ ಕಣ್ಣು ಬರೋದು ಗ್ಯಾರಂಟಿನ?"

"ಇಲ್ರಿ."

ಸ್ಟೋರಿನಲ್ಲಿ ವಾರಂಟಿ ಕಾರ್ಡಿಲ್ಲದ ಸಾಮಾನನ್ನು ಒಳಗೇ ಬಿಟ್ಟುಕೊಳ್ಳದ ಯಾಕೋಬಪ್ಪನಿಗೆ ಇದು ರುಚಿಸಲಿಲ್ಲ. "ಮತ್ತ ಯಾತಕ್ರೀ ಪ್ರಾರ್ಥನಾ?"

"ಕಣ್ಣು ಕೊಡ್ತಾನ ಅಂತ ನಾ ಬರದು ಕೊಡಂಗಿಲ್ಲ," ಎಂದರು ವಿಜಯಕುಮಾರ್. "ಕೈ ಬಿಡಂಗಿಲ್ಲ, ಅಷ್ಟು ಹೇಳಬಲ್ಲೆ. ಅದನ್ನ ನೀವ ಇಪ್ಪತ್ತು ವರ್ಷದಿಂದ ನಮಗ ಹೇಳಿಕೋತ ಬಂದೀರಿ."

ಯಾಕೋಬಪ್ಪ ಚಹಾ ತರಿಸಿದರು. ಮಾತು ಮಳೆಯ ಕಡೆಗೆ ಹೊರಳಿತು.

ತಯಾರಿಯ ಕೊನೆಯ ಭಾಗ ಹೆಜ್ಜೆ ಎಣಿಸುವುದು. ಮನೆಯಿಂದ ಚರ್ಚಿನ ಮೆಟ್ಟಿಲಿಗೆ ಇನ್ನೂರಾ ಹದಿನಾಲ್ಕು ಹೆಜ್ಜೆ. ಕಳೆದ ನವೆಂಬರಿನ ಒಂದು ಮಧ್ಯಾಹ್ನ, ಓಣಿ ಖಾಲಿ ಇರುವ ಹೊತ್ತು ನೋಡಿ, ಯಾಕೋಬಪ್ಪ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಹೊರಟರು. ತೊಂಬತ್ತನೇ ಹೆಜ್ಜೆಗೆ ಗಣಿಯ ಸೈರನ್ ಕೂಗಿತು.

ಬಂಡೆ ಸಿಡಿಸುವ ಮುನ್ನ ಕೂಗುವ ಸೈರನ್ ಅದು. ಗಣಿಯಲ್ಲಿ ದುಡಿದವರು ಅದನ್ನು ಕೇಳಿದರೆ ಇದ್ದಲ್ಲೇ ನಿಲ್ಲುತ್ತಾರೆ. ಕಲ್ಲಿನ ಚೂರು ಮುಖಕ್ಕೆ ಬಡಿಯದಿರಲೆಂದು ಗುಡ್ಡಕ್ಕೆ ಬೆನ್ನು ಮಾಡುತ್ತಾರೆ. ಎರಡನೇ ಸೈರನ್ ಆಗುವವರೆಗೆ ಅಲುಗುವುದಿಲ್ಲ. ಈಗ ಸಿಡಿಸುವ ಜಾಗ ಎರಡು ಮೈಲಿ ದೂರ ಸರಿದಿದೆ, ಊರಿಗೆ ಧೂಳು ಕೂಡ ಬರುವುದಿಲ್ಲ. ಆದರೂ ಹಳೆಯ ಕೆಲಸಗಾರರು ಸಂತೆಯಲ್ಲಿದ್ದರೂ ನಿಂತು ತಿರುಗುತ್ತಾರೆ. ಒಂದು ಕಣ್ಣು ಕಳೆದುಕೊಂಡ ಯಾಕೋಬಪ್ಪ ಇದರಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಅವರು ನಿಂತರು, ಗುಡ್ಡಕ್ಕೆ ಬೆನ್ನು ತಿರುಗಿಸಿದರು, ತೊಂಬತ್ತು ತೊಂಬತ್ತು ಎಂದು ಬಾಯಲ್ಲೇ ಹೇಳಿಕೊಳ್ಳುತ್ತ ಕಾದರು. ಎರಡನೇ ಸೈರನ್ ಆಯಿತು. ತೊಂಬತ್ತೊಂದು ಎನ್ನುತ್ತ ಮುಂದೆ ನಡೆದರು.

ಲೆಕ್ಕ ಎಲ್ಲಿಯೂ ತಪ್ಪಲಿಲ್ಲ. ತಿರುಗಿದ ಮುಖವನ್ನು ಮತ್ತೆ ಚರ್ಚಿನ ಕಡೆಗೆ ತಿರುಗಿಸುವುದು ಮಾತ್ರ ಮರೆತಿತ್ತು. ಸರಿಯಾಗಿ ಇನ್ನೂರಾ ಹದಿನಾಲ್ಕನೇ ಹೆಜ್ಜೆಗೆ ಮೊಣಕಾಲಿಗೆ ಏನೋ ತಗುಲಿತು. ಮೆಟ್ಟಿಲು ಬಂತೆಂದು ಯಾಕೋಬಪ್ಪ ಸಮಾಧಾನದಿಂದ ಕುಳಿತರು.

"ಯಾಕೋಬಣ್ಣ," ಎಂದಿತು ಒಂದು ಹೆಣ್ಣು ದನಿ. "ಚಲೋ ಕುಂತ್ರಿ. ಒಂದು ಕೆ.ಜಿ. ಸಂಡಿಗಿ ಐತಿ ನಿಮ್ಮ ಕೆಳಗ."

ಅದು ಕೆಳಗಿನ ಓಣಿಯ ಹುಸೇನಮ್ಮನ ಅಂಗಳ. ಬಸ್ ಸ್ಟಾಪಿನಲ್ಲಿ ಮಿರ್ಚಿ, ಮಂಡಕ್ಕಿ ಮಾರುವ ಹುಸೇನಮ್ಮ ಮಂಚದ ಮೇಲೆ ಸಂಡಿಗೆ ಒಣಹಾಕಿ ಕಾಯುತ್ತ ಕುಳಿತಿದ್ದರು. ಯಾಕೋಬಪ್ಪ ಎದ್ದು, ಬೆನ್ನ ಹಿಂದೆ ಕೈಯಾಡಿಸಿಕೊಂಡು, ವಿಷಯ ಹೇಳಿದರು. ಟವೆಲ್ ಬಿಚ್ಚಲು ಹೋದವರನ್ನು ಹುಸೇನಮ್ಮ ತಡೆದರು.

"ಬಿಚ್ಚಬ್ಯಾಡ್ರಿ. ಪ್ರಾಕ್ಟೀಸ್ ಅಂದ್ರ ಪೂರಾ ಆಗ್ಲಿ. ಬರ್ರಿ, ನಾ ಬಿಟ್ಟು ಬರ್ತೀನಿ ನಿಮ್ಮ ಗುಡಿಗೆ."

ಅವರು ಯಾಕೋಬಪ್ಪನ ಮಣಿಕಟ್ಟು ಹಿಡಿದು ನಡೆದರು. ದಾರಿಯುದ್ದಕ್ಕೂ ಸಂಡಿಗೆಯ ಬಗ್ಗೆಯೇ ಮಾತು: ಈ ಸಲದ ಅಕ್ಕಿ ಸರಿಯಿಲ್ಲ, ಹಸಿಮೆಣಸಿನಕಾಯಿ ಖಾರವಿಲ್ಲ, ಅಷ್ಟಾಗಿಯೂ ಇದರ ಮೇಲೆ ಕೂರುವವರಿದ್ದಾರೆ. ಚರ್ಚಿನ ಮೆಟ್ಟಿಲ ಹತ್ತಿರ ಕೈಬಿಟ್ಟು, "ಎಷ್ಟು ಹೆಜ್ಜಿ ಆದ್ವು?" ಎಂದು ಕೇಳಿದರು.

ಯಾಕೋಬಪ್ಪ ಟವೆಲ್ ಬಿಚ್ಚಿದರು. ಅವರು ಎಣಿಸಿರಲಿಲ್ಲ. ಕೈ ಹಿಡಿದವರಿಗೆ ದಾರಿ ಗೊತ್ತಿತ್ತು. ಅದಕ್ಕೇ ಎಣಿಸಬೇಕೆಂಬುದೇ ನೆನಪಾಗಿರಲಿಲ್ಲ.

ಮುಂದಿನ ಮೂರನೇ ಭಾನುವಾರದ ಸಾಕ್ಷಿ ಅರ್ಧ ನಿಮಿಷದಲ್ಲಿ ಮುಗಿಯಿತು. ಇಷ್ಟು ದಿನ ನಾನು ಹೇಳಿದ್ದು ಸುಳ್ಳಲ್ಲ, ಆದರೆ ಪರೀಕ್ಷೆ ಮಾಡಿ ನೋಡಿರಲಿಲ್ಲ, ಗುರುವಾರ ಆಪರೇಷನ್‌ಗೆ ಹೋಗುತ್ತೇನೆ, ಎಂದು ಅವರು ಕುಳಿತರು. ಸಭಾಪಾಲಕರು ಇನ್ನೂ ಹಾಡಿನ ಪುಸ್ತಕ ತೆರೆದಿರಲಿಲ್ಲ. ಆ ಸಂಜೆ ಮನೆಯ ಹಗ್ಗಗಳು ಬಿಚ್ಚಿಕೊಂಡು ಮಾರ್ಥಮ್ಮನ ಬಟ್ಟೆ ಒಣಗಿಸುವ ಕೆಲಸಕ್ಕೆ ಹೋದವು.

ಗುರುವಾರ ಹೊಸಪೇಟೆಯ ಆಸ್ಪತ್ರೆಯಲ್ಲಿ ಒಳಗೆ ಏನನ್ನೂ ಒಯ್ಯುವಂತಿಲ್ಲ ಎಂದರು ಗಂಗೋತ್ರಿ ಎಂಬ ನರ್ಸು. ಯಾಕೋಬಪ್ಪ ಚೀಲ ಕೊಟ್ಟರು. ಎರಡು ಟವೆಲ್, ಎರಡು ಹಾಡಿನ ಪುಸ್ತಕ, ಎರಡು ಟಾರ್ಚು.

"ಟಾರ್ಚು ಯಾಕ್ರೀ ತಾತ? ಒಳಗ ಲೈಟ್ ಐತಿ."

"ಕರೆಂಟ್ ಹೋದ್ರ?"

"ಜನರೇಟರ್ ಐತ್ರಿ."

"ಎಷ್ಟದಾವ?"

"ತಾತ, ನಡೀರಿ."

ಕಣ್ಣ ಸುತ್ತ ಇಂಜೆಕ್ಷನ್ ಕೊಟ್ಟರು. ಮುಖಕ್ಕೆ ಹಸಿರು ಬಟ್ಟೆ ಹೊದಿಸಿದರು. ಬೇರೆಯವರಿಗೆ ಆ ಹೊತ್ತಿನಲ್ಲಿ ಇನ್ನೊಂದು ಕಣ್ಣಿರುತ್ತದೆ. ಯಾಕೋಬಪ್ಪನಿಗೆ ಪೂರ್ತಿ ಕತ್ತಲೆ. ಟವೆಲ್ ಕಟ್ಟಿಕೊಂಡು ಮಾಡಿದ ತಯಾರಿ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಎಣಿಸಲು ಹೆಜ್ಜೆಗಳಿರಲಿಲ್ಲ. ಅವರ ಬಲಗಾಲು ಮೇಜಿನ ತುದಿಯಲ್ಲಿ ಬ್ರೇಕು ಒತ್ತತೊಡಗಿತು.

"ಕಾಲು ಆಡಿಸಬ್ಯಾಡ್ರಿ," ಎಂದರು ಗಂಗೋತ್ರಿ.

ಕಾಲು ನಿಂತಿತು, ಮತ್ತೆ ಒತ್ತಿತು.

"ತಾತ, ಡಾಕ್ಟ್ರು ಕಾಯಾಕತ್ಯಾರ."

ಯಾಕೋಬಪ್ಪ ಏನು ಪ್ರಾರ್ಥಿಸಿದರೆಂಬುದನ್ನು ಅವರೇ ಆಮೇಲೆ ಹೆಂಡತಿಗೆ ಹೇಳಿದ್ದಾರೆ. ಬಾಯಿಪಾಠವಾಗಿದ್ದ ದೊಡ್ಡ ಪ್ರಾರ್ಥನೆಗಳು ಒಂದೂ ನೆನಪಿಗೆ ಬರಲಿಲ್ಲವಂತೆ. ಕರ್ತನೇ, ಸ್ಟೇರಿಂಗ್ ನಿನ್ನ ಕೈಯಾಗ ಐತಿ, ಕಣ್ಣು ಬಂದ್ರೂ ಬರದಿದ್ರೂ ನೀ ಬಾಜೂಕ ಇರು, ಎಂದರಂತೆ. ಕಾಲು ಸಡಿಲವಾಯಿತು. ಆಪರೇಷನ್ ಮುಗಿಯುವವರೆಗೆ ಅದು ಅಲುಗಲಿಲ್ಲ ಎಂದು ಗಂಗೋತ್ರಿ ಹೇಳುತ್ತಾರೆ. ಒಂದು ಹಂತದಲ್ಲಿ ತಾತನಿಗೆ ನಿದ್ದೆ ಬಂತೇನೋ ಎಂದು ನಾಡಿ ಹಿಡಿದು ನೋಡಿದರಂತೆ.

ಮರುದಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಮಾರ್ಥಮ್ಮ ನಿಂತಿದ್ದರು.

"ಕಾಣಸ್ತೈತೇನ್ರಿ?"

ಯಾಕೋಬಪ್ಪ ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ಬಂತು. ಔಷಧಿಯದಿರಬಹುದು ಎಂದು ಮಾರ್ಥಮ್ಮ ಅಂದುಕೊಂಡರು.

"ಕೂದಲು ಯಾವಾಗ ಇಷ್ಟು ಬೆಳ್ಳಗಾದ್ವು ನಿನಗ?" ಎಂದರು ಯಾಕೋಬಪ್ಪ.

"ನೀವು ಹಗ್ಗ ಕಟ್ಟಿದ್ರಲ್ಲ, ಆವಾಗ."

ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕಪ್ಪು ಕನ್ನಡಕ ಹಾಕಿಕೊಂಡು ಯಾಕೋಬಪ್ಪ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಜೋರಾಗಿ ಓದುತ್ತ ಬಂದರು. ಸಂಡೂರಿನ ಗುಡ್ಡಗಳು ಹತ್ತಿರವಾದವು. ಮೊದಲ ತಿರುವು ಬಂದಾಗ ಮಾರ್ಥಮ್ಮ ಬಗ್ಗಿ ನೋಡಿದರು. ಗಂಡನ ಬಲಗಾಲು ಬಸ್ಸಿನ ನೆಲವನ್ನು ಶಕ್ತಿಮೀರಿ ಒತ್ತುತ್ತಿತ್ತು.

"ಇದೇನ್ರೀ ಮತ್ತ? ಅಲ್ಲಿ ಅಷ್ಟು ನಂಬಿ ಮಲಗಿದ್ರಿ ಅಂದ್ರು ಆ ಸಿಸ್ಟರ್."

"ಅಲ್ಲಿ ಓಡಿಸಾವ ಯಾರಂತ ನಂಗ ಗೊತ್ತಿತ್ತು," ಎಂದರು ಯಾಕೋಬಪ್ಪ, ಕಾಲು ತೆಗೆಯದೆ. "ಈ ಡ್ರೈವರ್ ಯಾವ ಊರಾವೋ ಏನೋ."