ಗೇಟಿನ ಮುಂದೆ ಹಾಳಾದ ಎಣ್ಣೆ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ 'ಬರ್ತೇವ್ರಿ' ಎಂದವರು ಯಾರೂ ಹೋಗುವುದಿಲ್ಲ. ಇಷ್ಟು ಹೊತ್ತು ಒಳಗೆ ಕೂತು ಆಡಿದ್ದೆಲ್ಲ ಬರೀ ಪೀಠಿಕೆ, ಖರೇ ಮಾತು ಇನ್ನು ಗೇಟಿನ ಹತ್ತಿರ ಶುರುವಾಗುತ್ತದೆ ಎಂಬುದಷ್ಟೇ ಅದರ ಅರ್ಥ. ಕುಂಕುಮ ಹಚ್ಚಿಸಿಕೊಂಡು, ಚಪ್ಪಲಿ ಮೆಟ್ಟಿ, ಕಂಪೌಂಡಿನ ತನಕ ಬಂದ ಮೇಲೆಯೇ ಯಾರದೋ ಮಗಳ ನಿಶ್ಚಯ ಮುರಿದದ್ದು, ಯಾರದೋ ಮೊಣಕಾಲಿನ ಶಸ್ತ್ರಚಿಕಿತ್ಸೆ, ಯಾರೋ ಮಾರಿದ ಪ್ಲಾಟು ಎಲ್ಲ ನೆನಪಿಗೆ ಬರುತ್ತವೆ. ಇದನ್ನು ನಾನು ದೋಷವೆನ್ನುವುದಿಲ್ಲ; ನೀವೂ ಈ ಸೀಮೆಯವರಾದರೆ ಗೇಟಿನ ಮಾತಿನ ರುಚಿ ನಿಮಗೆ ಗೊತ್ತೇ ಇದೆ. ನನ್ನ ಸಿಟ್ಟು ಬೇರೆಯದರ ಮೇಲೆ. ಈ ಸಮಸ್ತ ಕಾಲಕ್ಷೇಪ ನಡೆಯುವಷ್ಟು ಹೊತ್ತೂ ಗಾಡಿಯ ಇಂಜಿನ್ ಚಾಲೂ ಇರುತ್ತದೆ.

ಬೇರೆಯವರ ಉದಾಹರಣೆ ಯಾಕೆ, ನಮ್ಮ ಮನೆಯವರೇ ಇದ್ದಾರಲ್ಲ. ಕೇಶ್ವಾಪುರದ ನಮ್ಮ ಮನೆಯಿಂದ ಗೋಪನಕೊಪ್ಪದಲ್ಲಿರುವ ಅವರ ಕಾಕಾನ ಮಗ ಶ್ರೀಪಾದನ ಮನೆಗೆ ಇಂಜಿನ್ ಬಿಸಿಯಾಗುವುದರೊಳಗೆ ಮುಟ್ಟಿಬಿಡಬಹುದು. ಹೊರಡುವಾಗ ಇವರು ಗಾಡಿಯೊಳಗೆ ಕೂತು, ಚಾಲೂ ಮಾಡಿ, ಎಸಿ ಹಚ್ಚಿ, ಎಸಿ ಹಚ್ಚಿದ್ದನ್ನು ಮರೆತು ಕಿಟಕಿಯ ಗಾಜು ಇಳಿಸುತ್ತಾರೆ. ಶ್ರೀಪಾದ ಆ ಕಿಟಕಿಗೆ ಎರಡೂ ಮೊಣಕೈ ಊರುತ್ತಾನೆ. ನಾನು ಎಡಗಡೆಯ ಸೀಟಿನಲ್ಲಿ ತಾಂಬೂಲದ ತೆಂಗಿನಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತೇನೆ.

"ಬಂದ್ ಮಾಡ್ರಿ ಗಾಡಿ" ಎಂದರೆ, "ಈಗ ಹೊಂಟೇವಲ್ಲ. ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರ ಬ್ಯಾಟರಿ ಹಾಳಾಗ್ತದ" ಎಂಬ ಉತ್ತರ.

ಇದರ ಮರ್ಮ ಬ್ಯಾಟರಿಯಲ್ಲಿಲ್ಲ. ಇಂಜಿನ್ ಆರಿಸಿದರೆ ಮತ್ತೆ ಒಳಗೆ ಬಂದು ಕೂಡುವವರು ಎಂದಾಗುತ್ತದೆ, ಗೇರು ಹಾಕಿ ಹೊರಟೇ ಬಿಟ್ಟರೆ ಪ್ರೀತಿ ಇಲ್ಲದವರು ಎಂದಾಗುತ್ತದೆ. ಆದ್ದರಿಂದ ಹೋಗುವ ಸಂಕಲ್ಪಕ್ಕೆ ಇಂಜಿನ್ನಿನ ಸದ್ದು ಪ್ರಮಾಣ, ಹೋಗಲಾರದ ಪ್ರೀತಿಗೆ ಬಾಯಿಯ ಮಾತು ಪ್ರಮಾಣ. ಈ ದ್ವೈತದ ನಡುವೆ ಸಾಯುವುದು ಇಂಜಿನ್ನಿನೊಳಗಿನ ಎಣ್ಣೆ.

ಕಳೆದ ತಿಂಗಳು ಅದು ಸತ್ತದ್ದು ಗೊತ್ತಾಯಿತು. ಗ್ಯಾರೇಜಿನವನು ಇಂಜಿನ್ನಿನ ಮುಚ್ಚಳ ತಿರುಗಿಸಿ ತೆಗೆದರೆ ಅದರ ಒಳಮೈಗೆ ಬೂದು ಬಣ್ಣದ ಕೆನೆಯಂಥ ರಾಡಿ ಮೆತ್ತಿಕೊಂಡಿತ್ತು. "ಆಯಿಲ್ ಪೂರಾ ಹೋಗೇದ್ರಿ ಸಾಹೇಬ್ರ. ಬದಲಿ ಮಾಡೋದಕ್ಕ ಹೇಳಿದ್ದ ಕಿಲೋಮೀಟರಿನ ಅರ್ಧಾನೂ ಓಡಿಲ್ಲ ನಿಮ್ಮ ಗಾಡಿ" ಎಂದ. ನಮ್ಮ ಮನೆಯವರು ಎಣ್ಣೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ವಾರಾ ವಾರಾ ಮುಗದಕ್ಕ ಹೊಡಕೊಂಡ ಹೋಗ್ತಾಳ. ಅಷ್ಟ ದೂರ ಒಯ್ದ್ರ ಏನಾಗಬೇಕು?"

ಗ್ಯಾರೇಜಿನವನಿಗೆ ಗಿರಾಕಿಯ ಮಾತು ಮುರಿಯುವ ದರ್ದು ಏನಿದೆ? "ಹೌದ್ರಿ ಮೇಡಂ, ಊರಾಗ ಅಡ್ಯಾಡ್ರಿ ಸಾಕು" ಎಂದು ಅವನೂ ತಲೆ ಆಡಿಸಿದ. ಮನೆಗೆ ಬಂದ ಮೇಲೆ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದ ಗಾಡಿಯ ಚಾವಿ ನಮ್ಮ ಮನೆಯವರ ಅಂಗಿಯ ಕಿಸೆ ಸೇರಿತು.

ಧಾರವಾಡದಾಚೆಯ ಹಳ್ಳಿ ಮುಗದ ನನಗೆ ಏನು ಎಂಬುದನ್ನು ಹೇಳಬೇಕು. ನನ್ನ ಜೊತೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಶಾಂತಾ ನಿವೃತ್ತಳಾದ ಮೇಲೆ ಅಲ್ಲಿಯ ತನ್ನ ಭತ್ತದ ಹೊಲಕ್ಕೆ ಮರಳಿದಳು. ನಾನು ಡ್ರೈವಿಂಗ್ ಕಲಿತದ್ದೇ ಅವಳಿಗಾಗಿ, ಎಲ್ಲರೂ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ. ನಾನೇನೂ ದೊಡ್ಡ ಸಾರಥಿಯಲ್ಲ. ಗಾಡಿ ಹಿಂದಕ್ಕೆ ತೆಗೆಯುವಾಗ ನಮ್ಮ ಅಂಗಳದ ತುಳಸಿಕಟ್ಟೆ ಇಂದಿಗೂ ಜೀವ ಕೈಯಲ್ಲಿ ಹಿಡಿದಿರುತ್ತದೆ. ಆದರೆ ಗುರುವಾರ ಬೆಳಿಗ್ಗೆ ಧಾರವಾಡ ದಾಟಿ, ಒಂದೇ ಹದದಲ್ಲಿ ಗಾಡಿ ಬಿಟ್ಟುಕೊಂಡು ಹೋಗಿ, ಅವಳ ಹೊಲದ ಬದುವಿನಲ್ಲಿ ರೊಟ್ಟಿ ಬಿಚ್ಚಿಟ್ಟುಕೊಂಡು ಇಬ್ಬರೂ ಮನಸಾರೆ ಜಗಳಾಡಿದರೆ ಮಾತ್ರ ನನಗೆ ವಾರ ಕಳೆದಂತೆ. ಚಾವಿ ಕಿಸೆ ಸೇರಿದ ಗುರುವಾರ ಶಾಂತಾ ಫೋನ್ ಮಾಡಿ, "ಯಾಕ ಬರಲಿಲ್ಲ ನೀ?" ಎಂದಳು. "ಗಾಡಿಗೆ ಆರಾಮಿಲ್ಲ" ಎಂದೆ. ಗಂಡನ ಮಾನ ಕಾಯಲು ಗೆಳತಿಗೆ ಸುಳ್ಳು ಹೇಳಬೇಕಾಯಿತಲ್ಲ ಎಂದು ಫೋನಿಟ್ಟ ಮೇಲೆ ಮೈಯೆಲ್ಲ ಉರಿಯಿತು.

ನಾನು ಜೀವಮಾನವಿಡೀ ಕಲಿಸಿದ್ದು ರಸಾಯನಶಾಸ್ತ್ರ. ಆವಿ ಯಾವಾಗ ಹಾರುತ್ತದೆ, ಯಾವಾಗ ತಣಿದು ಮತ್ತೆ ನೀರಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣದ ಪುಡಿ ಕುಡಿದವಳು. ಸಣ್ಣ ಉರಿಯ ಮೇಲೆ ಮುಚ್ಚಿಟ್ಟ ಬೇಳೆಯ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟಿ ಮತ್ತೆ ಒಳಗೇ ಉದುರುವುದನ್ನು ಅಡಿಗೆಮನೆ ಹೊಕ್ಕ ಎಲ್ಲರೂ ಕಂಡಿರುತ್ತಾರೆ. ಇಂಜಿನ್ನೂ ಹಾಗೆಯೇ. ಚೆನ್ನಾಗಿ ಕಾಯುವಷ್ಟು ದೂರ ಓಡಿದರೆ ಒಳಗಿನ ನೀರಿನ ಪಸೆ ಆವಿಯಾಗಿ ಹೋಗುತ್ತದೆ. ಅರೆಬರೆ ಕಾದಾಗ ಆರಿಸಿದರೆ ಆ ಪಸೆಯೂ ಪೂರ್ತಿ ಉರಿಯದ ಪೆಟ್ರೋಲೂ ಎಣ್ಣೆಯಲ್ಲೇ ಉಳಿದು ಅದನ್ನು ಕೆಡಿಸುತ್ತವೆ. ನಿಂತಲ್ಲೇ ಉರಿದರೆ ಮಸಿಯೂ ಸೇರುತ್ತದೆ. ಅದರ ಮೇಲೆ, ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ತಣ್ಣಗಿನ ಇಂಜಿನ್ನನ್ನು ಭರ್ ಭರ್ ಎನಿಸುವ ಇವರ ಸುಪ್ರಭಾತ, ಅಗೆದು ಮುಚ್ಚಿ ಮತ್ತೆ ಅಗೆಯುವ ನಮ್ಮ ರಸ್ತೆಗಳ ಧೂಳು. ಇಷ್ಟೆಲ್ಲದರ ನಡುವೆ ಆ ಬಡ ಎಣ್ಣೆಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಔಷಧವೆಂದರೆ ಮುಗದದ ದಾರಿ. ಔಷಧವನ್ನೇ ವಿಷವೆಂದು ತೀರ್ಮಾನಿಸಿ ಬಂದ್ ಮಾಡಿದ್ದರು.

ಊಟಕ್ಕೆ ಬಡಿಸುತ್ತ ಇದನ್ನೆಲ್ಲ ಹೇಳಿದೆ. ಮೀಟರು ಚಕ್ರ ತಿರುಗಿದ್ದನ್ನಷ್ಟೇ ಹೇಳುತ್ತದೆ, ಇಂಜಿನ್ ಉರಿದದ್ದನ್ನಲ್ಲ ಎಂದೆ. "ಸಾಲ್ಯಾಗಿನ ಪಾಠ ಮನ್ಯಾಗ ಬ್ಯಾಡ. ಸಾರು ಹಾಕು" ಎಂದರು. ಹಾಕಿದೆ. ಎಲ್ಲಿ ಹಾಕಬೇಕೆನ್ನಿಸಿತ್ತು ಎಂಬುದನ್ನು ಬರೆಯುವುದಿಲ್ಲ.

ಈ ಅವಿವೇಕ ಗಾಡಿಗೆ ಮಾತ್ರ ಸೀಮಿತವಾಗಿದ್ದರೆ ಇಷ್ಟು ಬರೆಯುತ್ತಲೂ ಇರಲಿಲ್ಲ. ನಾನು ನಿವೃತ್ತಳಾದಂದಿನಿಂದ ಬಂದವರೆಲ್ಲ "ಈಗ ಆರಾಮ ಬಿಡ್ರಿ, ಮನ್ಯಾಗ ಇರ್ತೀರಿ" ಎನ್ನುತ್ತಾರೆ. ಎಲ್ಲಿಗೂ ಹೋಗದವಳು ಸವೆಯುವುದಿಲ್ಲ ಎಂದು ಅವರ ನಂಬಿಕೆ. ಎಡಗಡೆಯ ಸೀಟಿನಲ್ಲಿ ಕಾಯಿ ಹಿಡಿದುಕೊಂಡು, ಇನ್ನೊಬ್ಬರ ಮಾತು ಮುಗಿಯಲಿ ಎಂದು ಕಾಯುವವಳ ಒಳಗೆ ಏನೇನು ಉರಿಯುತ್ತಿರುತ್ತದೆ ಎಂದು ಯಾರೂ ಮುಚ್ಚಳ ತೆಗೆದು ನೋಡುವುದಿಲ್ಲ. ನನಗೆ ಸಿಟ್ಟು ಬಂದದ್ದು ಎಣ್ಣೆಗಾಗಿ ಎಂದುಕೊಂಡಿದ್ದೆ. ಪೂರ್ತಿ ಎಣ್ಣೆಗಾಗಿಯಲ್ಲ ಎಂದು ಆಮೇಲೆ ತಿಳಿಯಿತು.

ಮುಂದಿನ ಗುರುವಾರ ಇವರಿಗೆ ನನ್ನ ಮೇಲೆ ಕರುಣೆ ಉಕ್ಕಿತು. "ಬ್ಯಾಸರ ಆಗೇದ ನಿನಗ. ನಡಿ, ಗೋಪನಕೊಪ್ಪಕ್ಕ ಹೋಗಿ ಬರೋಣ" ಎಂದರು. ಹೋದೆವು. ಅವಲಕ್ಕಿ, ಚಹಾ, ಕುಂಕುಮ, ಕಾಯಿ, 'ಬರ್ತೇವ್ರಿ' ಎಲ್ಲ ಕ್ರಮವಾಗಿ ಆದವು. ಇಂಜಿನ್ ಚಾಲೂ ಆಯಿತು, ಶ್ರೀಪಾದನ ಮೊಣಕೈಗಳು ಕಿಟಕಿಗೆ ಬಂದವು. ಆಗ ಅವನಿಗೆ ನೆನಪಾಯಿತು, ಹಿತ್ತಲ ಚಿಕ್ಕು ಗಿಡ ಮೊದಲ ಸಲ ಕಾಯಿ ಬಿಟ್ಟಿದೆಯಂತೆ. "ಒಂದ ನಿಮಿಷ, ನೋಡಿ ಬಂದೆ" ಎಂದು ನಮ್ಮ ಮನೆಯವರು ಇಳಿದು ಹೋದರು. ಇಂಜಿನ್ ಉರಿಯುತ್ತಲೇ ಇತ್ತು. ಚಾವಿ ಅದರಲ್ಲೇ ಇತ್ತು.

ನಾನು ಇಳಿದು, ಸುತ್ತು ಹಾಕಿ, ಬಲಗಡೆಯ ಸೀಟಿನಲ್ಲಿ ಕೂತೆ. ಗೇಟಿನಲ್ಲಿ ನಿಂತಿದ್ದ ಶ್ರೀಪಾದನ ಹೆಂಡತಿಗೆ "ಬರ್ತೇನಿ" ಎಂದೆ. ಹೋದೆ.

ಧಾರವಾಡ ದಾಟುವ ಹೊತ್ತಿಗೆ ಬಿಸಿ ತೋರಿಸುವ ಮುಳ್ಳು ನಡುಮಧ್ಯಕ್ಕೆ ಬಂದು ನೆಮ್ಮದಿಯಾಗಿ ನಿಂತಿತ್ತು. ಮುಗದ ಮುಟ್ಟಿದ ಮೇಲೆ ಇವರ ಕರೆಗೆ ಫೋನ್ ಎತ್ತಿದೆ.

"ಎಲ್ಲಿದ್ದೀ?"

"ಮುಗದದಾಗ."

"ಮತ್ತ ನಾ ಹೆಂಗ ಬರ್ಲಿ?"

"ಶ್ರೀಪಾದನ ಗಾಡಿ ಅದಲ್ಲ, ಅವ ಬಿಡ್ತಾನ. ನಮ್ಮ ಗೇಟಿನ ಮುಂದ ಇಂಜಿನ್ ಬಂದ್ ಮಾಡ್ಲಿಕ್ಕೆ ಹೇಳ್ರಿ ಅವಗ."

ಸಂಜೆ ಹೊರಟಾಗ ಶಾಂತಾ ರಸ್ತೆಯ ತನಕ ಬಂದಳು. ನಾನು ಗಾಡಿಯಲ್ಲಿ ಕೂತು, ಚಾಲೂ ಮಾಡಿ, "ಬರ್ತೇನಿ" ಎಂದೆ. ಅವಳು ಕಿಟಕಿಗೆ ಕೈ ಊರಿ, "ಅಂದಂಗ, ನಿನಗೊಂದು ಹೇಳಬೇಕಿತ್ತು" ಎಂದಳು. ನಾನು ಇಂಜಿನ್ ಆರಿಸಿದೆ. ಚಾವಿಯನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಹೇಳು" ಎಂದೆ.