ಬಾಯಮ್ಮನ ಅಂಗಳದ ಗರಿಕೆ

ನರ್ಸ್‌ಬಾಯಮ್ಮನ ಕೈಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಮಗ್ಗುಲಿಗೆ ಇರುತ್ತಿತ್ತು. ಮಸ್ಕತ್ತಿನ ಆಸ್ಪತ್ರೆಯಲ್ಲಿ ರೋಗಿಗಳ ನಾಡಿ ಹಿಡಿದು ಹಿಡಿದು ಬಂದ ಅಭ್ಯಾಸ. ನಿವೃತ್ತರಾಗಿ ಮಂಗಳೂರಿನ ಬೋಳಾರದ ನಮ್ಮ ಪಕ್ಕದ ಮನೆಗೆ ಬಂದ ಮೇಲೂ, ಯಾರ ಕೈ ಸಿಕ್ಕಿದರೂ ಅವರ ಬೆರಳು ತಾನಾಗಿ ನಾಡಿಗೆ ಹೋಗುತ್ತಿತ್ತು. ಸಕ್ಕರೆ ಕೇಳಲು ಹೋದವರನ್ನೂ ಅವರು ಬಿಟ್ಟವರಲ್ಲ.

ಮಳೆಗಾಲ ಮುಗಿದದ್ದೇ ತಡ, ಅಂಗಳದ ಇಂಟರ್‌ಲಾಕ್ ಕಲ್ಲುಗಳನ್ನೆಲ್ಲ ಕೀಳಿಸಿ ಲಾನ್ ಬಿತ್ತಿದರು. “ಅಲ್ಲಿ ಮರಳಿನಲ್ಲಿ ಹುಲ್ಲು ಬೆಳೆಸ್ತಾರೆ. ಇಲ್ಲಿ ಇಷ್ಟು ಮಳೆ ಬಂದ್ರೂ ನಮಗೆ ಕಲ್ಲೇ ಬೇಕು!” ಎಂದು ಅವರ ತಕರಾರು. “ಊರಿಡೀ ಹುಲ್ಲು ಕೀಳ್ಲಿಕ್ಕೆ ಜನ ಹುಡುಕ್ತದೆ, ಇವರು ಬಿತ್ತುತ್ತಾರೆ!” ಎಂದು ನನ್ನಮ್ಮ ಬಾಯಿಗೆ ಸೆರಗು ಮುಚ್ಚಿ ನಕ್ಕರು. ಬಾಯಮ್ಮ ಆ ಮಣ್ಣನ್ನು ಐಸಿಯುವಿನ ಹಾಗೆ ಕಾದರು. ಬೀಜ ಕೊಚ್ಚಿಹೋಗದಂತೆ ಮಂಜಿನಷ್ಟು ಸಣ್ಣ ಹನಿಯ ನೀರು, ಯಾರೂ ಕಾಲಿಡುವಂತಿಲ್ಲ. ಹಸಿರು ಕಂಡ ಉಮೇದಿನಲ್ಲಿ ನಾನೊಂದು ಬಾಲ್ದಿ ಸೆಗಣಿ ನೀರು ಹೊತ್ತು ಹೋದರೆ ಗೇಟಿನಲ್ಲೇ ತಡೆದರು. “ಆಪರೇಷನ್ ಆದವನಿಗೆ ಮೊದಲ ದಿನವೇ ಬಿರಿಯಾನಿ ಕೊಡ್ತಾರಾ? ಬೇರು ಹಿಡೀಲಿ. ಮತ್ತೆ ಗಂಜಿ ತಿಳಿಯ ಹಾಗೆ ತೆಳ್ಳಗೆ ಮಾಡಿ ಕೊಡುವಾ.”

ನಮ್ಮ ಮನೆಯಲ್ಲಿ ಆಗ ನಗುವೇ ಅಪರೂಪವಾಗಿತ್ತು. ಆ ಮಳೆಗಾಲದಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತ್ತು. ಅಪ್ಪ ದೇವಸ್ಥಾನದ ಅರ್ಚಕರು. “ಎಡಗೈಯಲ್ಲಿ ದೇವರಿಗೆ ಹೂ ಹಾಕ್ಲಿಕ್ಕೆ ಉಂಟಾ?” ಎಂದು ಒಮ್ಮೆ ಕೇಳಿದವರು ಮತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಬೆರಳು ಆಡಿಸಲು ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಎಸೆದಿದ್ದರು. ಬಾಯಮ್ಮ ಬಂದು ಚೆಂಡಿನ ಸುದ್ದಿಯನ್ನೇ ಎತ್ತಲಿಲ್ಲ. “ಭಟ್ರೇ, ನನ್ನ ಬೀಜವನ್ನೆಲ್ಲ ಪಾರಿವಾಳ ತಿಂತಾ ಉಂಟು. ಓಡಿಸ್ಲಿಕ್ಕೆ ಜನ ಇಲ್ಲ. ಒಂದು ಕುರ್ಚಿ ಹಾಕಿ ಕೊಡ್ತೇನೆ, ಬರ್ತೀರಾ?” ಎಂದರು. ಅಯ್ಯೋ, ನಾವು ಕರೆದು ಕರೆದು ಸಾಕಾಗಿದ್ದ ಮನುಷ್ಯ ಎದ್ದು ಹೊರಟೇಬಿಟ್ಟರು!

ಹುಲ್ಲು ಬೆರಳುದ್ದ ಬಂದಾಗ ಅಪ್ಪನಿಗೆ ಅದರ ಗುರುತು ಹತ್ತಿತು. ಅದು ಗರಿಕೆಯ ಜಾತಿಯದೇ, ಗಣಪತಿಗೆ ಏರಿಸುವಂಥದೇ. ಅವತ್ತು ಸಂಕಷ್ಟಿ ಬೇರೆ. ಜನ್ಮದ ಅಭ್ಯಾಸ ಎಲ್ಲಿ ಹೋಗುತ್ತದೆ? ಕುರ್ಚಿಯಿಂದ ಜಾರಿ, ನೆಲಕ್ಕೆ ಕೂತು, ಕುಡಿ ಚಿವುಟಲು ಹೋದರು. ಬೇರು ಗಟ್ಟಿಯಾಗದ ಎಳೆ ಹುಲ್ಲು ಮಣ್ಣು ಸಮೇತ ಕಿತ್ತು ಬಂತು. ನಾನು ಕಾಫಿ ತೆಗೆದುಕೊಂಡು ಹೋಗುವಾಗ ಬಾಯಮ್ಮ ಒಳಗಿಂದ ಓಡಿ ಬರುತ್ತಿದ್ದರು. “ಜೆಜೂ!” ಎಂದು ತಮ್ಮ ಯೇಸುವನ್ನು ಕರೆದರು. “ಎಂತ ಮಾಡಿದ್ರಿ ಮಾರಾಯ್ರೇ! ಮೊದಲ ಕಟಿಂಗಿಗೆ ಇನ್ನೂ ಎಷ್ಟು ದಿನ ಉಂಟು!”

ಅಪ್ಪ ತಪ್ಪಿತಸ್ಥರಂತೆ ಮುಖ ಎತ್ತಿದರು. ಬಾಯಮ್ಮ ಗದರುತ್ತಿದ್ದವರು ಅರ್ಧಕ್ಕೇ ನಿಂತರು. ಗರಿಕೆ ಇದ್ದದ್ದು ಅಪ್ಪನ ಬಲಗೈಯಲ್ಲಿ, ಹೆಬ್ಬೆರಳು ತೋರುಬೆರಳಿನ ನಡುವೆ. ಅಪ್ಪನಿಗೇ ಅದರ ಅರಿವಿರಲಿಲ್ಲ.

ಬಾಯಮ್ಮ ತಾವು ಯಾರಿಗೂ ತುಳಿಯಲು ಬಿಡದ ಲಾನಿನ ಮೇಲೆ ಮೊಣಕಾಲೂರಿ ಕೂತರು. “ಇನ್ನೊಂದು ತೆಗೀರಿ ಭಟ್ರೇ.”

“ಬೇರು ಬರ್ತದಲ್ಲ?”

“ಬರ್ಲಿ. ಪುನಃ ಬಿತ್ತುವಾ. ನೀವು ತೆಗೀರಿ.”

ಬಾಯಮ್ಮನ ಕಣ್ಣಲ್ಲಿ ನೀರಿತ್ತು. ಆ ಮೂಲೆ ಬೋಳಾಗುವವರೆಗೂ ಅವರು ಅಪ್ಪನಿಂದ ಕೀಳಿಸಿದರು. ಆಮೇಲೆ ಮತ್ತೆ ಬಿತ್ತಿದರು, ಅಪ್ಪ ಮತ್ತೆ ಕಿತ್ತರು. ಮುಂದಿನ ವರ್ಷದ ಚೌತಿಗೆ ಅಪ್ಪ ಗರ್ಭಗುಡಿಯಲ್ಲಿ ನಿಂತು ಬಲಗೈಯಿಂದಲೇ ಗಣಪತಿಗೆ ಗರಿಕೆ ಏರಿಸಿದರು. ಹೊರಗೆ ಗೋಪುರದ ಬಳಿ ನಿಂತಿದ್ದ ಬಾಯಮ್ಮ ಪ್ರಸಾದ ಕೊಡಲು ಬಂದ ಅಪ್ಪನ ಆ ಕೈಯ ನಾಡಿಯನ್ನೂ ಹಿಡಿದು ನೋಡಿಯೇ ಬಿಟ್ಟರೆನ್ನಿ. ಅವರ ಋಣ ತೀರಿಸಲು ನಮ್ಮಿಂದ ಆಗುವ ಮಾತಲ್ಲ. ಈಗ ಆ ಲಾನಿಗೆ ನೀರು ಹಿಡಿಯುವುದು, ತೆಳ್ಳಗಿನ ಗೊಬ್ಬರ ಕೊಡುವುದು ನಾನೇ.

ಬಾಯಮ್ಮ ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಅರ್ಚಕರು ಕ್ರಿಸ್ತಾನರ ಇಗರ್ಜಿಯ ಸ್ಮಶಾನಕ್ಕೆ ಹೋಗುವುದುಂಟಾ ಎಂದು ನೆಂಟರೊಬ್ಬರು ಮೂಗು ಮುರಿದರು. “ಬಂದು ಸ್ನಾನ ಮಾಡಿದ್ರಾಯ್ತು” ಎಂದು ಅಪ್ಪ ಚಪ್ಪಲಿಯನ್ನೂ ಹಾಕದೆ ನಡೆದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ಅಪ್ಪನೂ ಬಲಗೈ ತುಂಬ ಮಣ್ಣೆತ್ತಿ ಗುಂಡಿಯ ಮೇಲೆ ಚಾಚಿದರು. ಅದೇ ಬೆಳಿಗ್ಗೆ ದೇವರಿಗೆ ಸಲೀಸಾಗಿ ಗರಿಕೆ ಏರಿಸಿದ್ದ ಕೈ. ಈಗ ಬಿಚ್ಚಲೇ ಇಲ್ಲ. ನಾನು ಹತ್ತಿರ ನಿಂತು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.